ಆನೆಲಾಯದ ಬಾವಿಹಗ್ಗ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿ ಇನ್ನೂ ಲಂಗ ಉಟ್ಕೊಂಡು ಓಡಾಡ್ತಿದ್ದ ಕಾಲ ಅಂತಿಟ್ಕೋ ಪುಟ್ಟಿ, ಕಣಗಲಹಳ್ಳಿ ಅಂತ ಒಂದೂರಿತ್ತಂತೆ. ಅಲ್ಲಿ ಮಾಳವ್ವ ಅನ್ನೋ ಮುದುಕಿ, ಅವಳಿಗೊಬ್ಬಳೇ ಮಗಳು ನಿಂಗಿ, ತುಂಬು ಬಸುರಿ. ಆಗ ರಾಜಂಗೆ ದೊಡ್ಡದೊಂದು ಕೆರೆ ಕಟ್ಟಿಸ್ಬೇಕು ಅಂತ ಆಸೆ ಬಂತಂತೆ. ಕಟ್ಟಿಸ್ದ. ಕೆರೆ ತುಂಬ್ತು, ಊರು ಮುಳುಗ್ತು. ಎದ್ದು ಹೋಗಿ ಅಂದ್ರಂತೆ ರಾಜನ ಕಡೆಯೋರು, ಎಲ್ಲಿಗೆ ಅಂತ ಮಾತ್ರ ಹೇಳ್ಲಿಲ್ಲ. ಹೇಳಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತೋ ಕಾಣೆ.

ಆಮೇಲೆ ಆ ಜನ ಮಡಕೆ ಕುಡಿಕೆ ಹೊತ್ಕೊಂಡು, ಕೋಳಿಗಳನ್ನ ಕಂಕುಳಲ್ಲಿ ಇಟ್ಕೊಂಡು ಹೊರಟು, ಮೂರೂರಲ್ಲಿ ಜಾಗ ಕೇಳಿದ್ರೆ ಮೂರೂರಲ್ಲೂ ಇಲ್ಲ ಅಂದ್ರಂತೆ. ಸಂಜೆ ಹೊತ್ತಿಗೆ ಒಂದು ಪಾಳುಬಿದ್ದ ಆನೆಲಾಯ ಸಿಕ್ತು, ರಾಜನ ತಾತನ ಕಾಲದ್ದು. ಆನೆಗಳೆಲ್ಲ ಸತ್ತು ಎಷ್ಟೋ ವರ್ಷವಾಗಿ, ಒಳಗೆ ಬಾವಲಿ ಬಿಟ್ರೆ ಯಾರೂ ಇಲ್ಲ. ಸರಿ, ಗುಡಿಸಿ ಸಾರಿಸಿ, ಎರಡೆರಡು ಕಂಬದ ನಡುವೆ ಒಂದೊಂದು ಸಂಸಾರ ಅಂತ ಒಲೆ ಹೂಡಿದ್ರಂತೆ. ಹೂಳು ತುಂಬಿದ್ದ ಬಾವಿ ತೋಡಿದ್ರೆ ಕಲ್ಲುಸಕ್ಕರೆಯಂಥ ನೀರು ಬಂತಂತೆ.

ಮುಳುಗಿದ ಊರಿಂದ ಅವರು ತಂದಿದ್ದು ಒಂದು ಕಟ್ಟಳೆ ಮಗಾ. ಊರಿಗೆಲ್ಲ ಒಂದೇ ಬಾವಿಹಗ್ಗ, ದಿನಕ್ಕೊಬ್ಬರ ಪಾಳಿ. ಯಾರ ಕೈಲಿ ಹಗ್ಗವೋ ಅವತ್ತು ಅವರೇ ಎಲ್ಲರ ಕೊಡ ತುಂಬಿಸ್ಬೇಕು, ಜಗಳ ಬಂದ್ರೆ ಅವರೇ ಬಗೆಹರಿಸ್ಬೇಕು. ಗೌಡ ಅನ್ನೋನೇ ಇಲ್ಲ. ಹೊರಗಿಂದ ಬಂದೋರು ಮೂರು ದಿನ ಊರಲ್ಲಿ ಉಂಡ್ರೆ, ನಾಕನೇ ದಿನದ ಪಾಳಿ ಅವರದ್ದೇ. ಈಗೆಲ್ಲಿದೆ ಅಂಥ ಕಾಲ, ಪಕ್ಕದ ಮನೆಯೋರ ಹೆಸರೂ ಗೊತ್ತಿರಲ್ಲ ನಮಗೆ.

ಇತ್ತ ಒಲೆ ಹೊಗೆ ಎದ್ದಿದ್ದು ರಾಜನ ಪರವಾಗಿ ಆ ಸೀಮೆ ನೋಡ್ಕೋತಿದ್ದ ಅಮಲ್ದಾರನ ಕಣ್ಣಿಗೆ ಬಿತ್ತಂತೆ. ಯಜಮಾನನನ್ನ ಹಿಡಿದ್ರೆ ಮಿಕ್ಕೋರು ಚದುರಿ ಹೋಗ್ತಾರೆ ಅಂತ ಸಿಪಾಯಿಗಳನ್ನ ಕಳಿಸಿದ. ಹಗ್ಗ ಹಿಡಿದೋರೇ ನಮ್ಮ ಯಜಮಾನರು ಅಂದ್ರಂತೆ ಇವರು. ಸರಿ, ಅವತ್ತು ಹಗ್ಗ ಹಿಡಿದಿದ್ದ ಬುಟ್ಟಿ ಹೆಣೆಯೋ ಈರಭದ್ರನ್ನ ಎಳ್ಕೊಂಡು ಹೋದ್ರು. ಮಾರನೇ ದಿನ ನೋಡಿದ್ರೆ ಹಗ್ಗ ಕುಂಬಾರ ಚೌಡನ ಕೈಲಿ. ಅವನನ್ನೂ ಎಳ್ಕೊಂಡು ಹೋದ್ರು. ಮೂರನೇ ದಿನ ಮಾಳವ್ವನ ಪಾಳಿ. ಮುದುಕಿ ಮೇಲೆ ಕೈ ಮಾಡೋಕೆ ಸಿಪಾಯಿಗಳಿಗೆ ಮನಸ್ಸು ಬರ್ಲಿಲ್ಲ, ವಾಪಸ್ಸು ಹೋದ್ರಂತೆ.

ಆಮೇಲೆ ಅಮಲ್ದಾರನೇ ಬಂದ. ದಂಡು ಕಳಿಸಿಕೊಡಿ, ಬಾವಿಹಗ್ಗ ಯಾರ ಕೈಲಿರುತ್ತೋ ಅವರನ್ನ ಹಿಂದೆ ಮುಂದೆ ನೋಡದೆ ಕಟ್ಟಿ ಒಯ್ಯಲಿ ಅಂತ ರಾಜಧಾನಿಗೆ ಓಲೆ ಬರೆದು, ಮುದ್ರೆ ಒತ್ತಿ ಕಳಿಸಿ, ದಂಡು ಬರೋವರೆಗೂ ಲಾಯದ ಮುಂದಿನ ಹುಣಸೆಮರದ ಕೆಳಗೆ ಮಂಚ ಹಾಕಿಸ್ಕೊಂಡು ಒಬ್ಬನೇ ಕೂತನಂತೆ. ಮಾಳವ್ವಂಗೆ ಒಂದೇ ಚಿಂತೆ. ಮಗಳಿಗೆ ಇವತ್ತೋ ನಾಳೆಯೋ ಅನ್ನೋ ಹಂಗಿದೆ, ಬಯಲಲ್ಲಿ ಹೆರೋ ಗತಿ ಬಂತಲ್ಲಪ್ಪ ಅಂತ. ಆದ್ರೂ ಬಾಗಿಲಲ್ಲಿ ಒಬ್ಬ ಹಸಿದು ಕೂತಿರುವಾಗ ತಾವು ಉಂಡ್ರೆ ಗಂಟಲಲ್ಲಿ ಇಳಿಯುತ್ತಾ? ಮೂರು ದಿನ ಅವನಿಗೂ ಮುದ್ದೆ, ಹುರುಳಿ ಸಾರು ಬಡಿಸಿದ್ಲು. ಮೂಗು ಮುರೀತಾನೇ ಉಂಡ. ಮೂರನೇ ದಿನ ಇನ್ನೊಂದು ಸೌಟು ಸಾರು ಕೇಳಿದ್ನಂತೆ, ನಾಚಿಕೆಗೆಟ್ಟೋನು.

ನಾಕನೇ ದಿನ ಬೆಳಿಗ್ಗೆ ಮಾಳವ್ವ ಹಗ್ಗ ತಗೊಂಡು ಹೋಗಿ ಅವನ ಮಂಚದ ಮೇಲಿಟ್ಲು, ಸ್ವಾಮಿ, ಇವತ್ತು ನಿಮ್ಮ ಪಾಳಿ ಅಂತ. ಊರೋರೆಲ್ಲ ಬಾಯಿ ಬಾಯಿ ಬಡ್ಕೊಂಡ್ರು, ನಿನಗೇನು ತಲೆ ಕೆಟ್ಟಿದ್ಯಾ ಮಾಳವ್ವ, ನಮ್ಮನ್ನ ಓಡ್ಸೋಕೆ ಬಂದೋನ ಕೈಗೆ ಹಗ್ಗ ಕೊಡ್ತೀಯಾ ಅಂತ. ಅವಳು ಅಂದ್ಲಂತೆ, ಮೂರು ದಿನ ಉಂಡಿದ್ದಾನೆ, ಪಾಳಿ ಅವನದು. ಊರಂತೂ ಮುಳುಗೋಯ್ತು, ಊರಿನ ಕಟ್ಟಳೇನೂ ಮುಳುಗಿಸ್ಬಿಟ್ರೆ ನಾವು ಯಾವೂರೋರು ಅಂತ ಹೇಳ್ಕೊಳ್ಳೋಣ?

ಅಮಲ್ದಾರ ಒಳಗೊಳಗೇ ನಕ್ಕ. ಹಗ್ಗ ಇಲ್ದೆ ನೀರಿಲ್ಲ, ನೀರಿಲ್ದೆ ತಾವಾಗೇ ಎದ್ದು ಹೋಗ್ತಾರೆ ಅಂತ ಅದನ್ನ ಸೊಂಟಕ್ಕೆ ಸುತ್ಕೊಂಡು ಕೂತ. ಸೆಕೆ ಅಂತ ಅಂಗಿ ರುಮಾಲು ತೆಗೆದಿಟ್ಟಿದ್ದ. ಅಷ್ಟರಲ್ಲಿ ದಂಡು ಬಂತು. ಅವನ ಮುಖ ಕಂಡೋರಲ್ಲ ಅವರು. ಹಗ್ಗ ಕಂಡ್ರು, ಹಿಡಿದು ಕಟ್ಟಿದ್ರು. ನಾನೇ ಅಮಲ್ದಾರ ಕಣ್ರೋ ಅಂತ ಅರಚಿದ್ರೆ, ಅಮಲ್ದಾರರ ಮುದ್ರೆ ಇಲ್ಲಿದೆ ನೋಡು, ಹಗ್ಗ ಹಿಡಿದೋನನ್ನ ಕಟ್ಟಿ ಅಂತ ಅವರೇ ಬರೆದವ್ರೆ ಅಂತ ಗಾಡಿಗೆ ಎತ್ತಾಕ್ಕೊಂಡು ಹೋದ್ರಂತೆ. ಇತ್ತ ಹೆಂಗಸರು ಸೀರೆಗೆ ಸೀರೆ ಗಂಟು ಹಾಕಿ ನೀರು ಸೇದಿದ್ರು. ಅವತ್ತೇ ನಿಂಗಿ ಆ ಸೂರಿನ ಕೆಳಗೆ ಹೆಣ್ಣುಮಗು ಹೆತ್ಲು.

ರಾಜ ಈ ಸುದ್ದಿ ಕೇಳಿ ಹೊಟ್ಟೆ ಹಿಡ್ಕೊಂಡು ನಕ್ಕ. ಎಂಥ ಜನವೋ ನೋಡೇ ಬಿಡೋಣ ಅಂತ ತಾನೇ ಬಂದು, ಯಾರ ಅಪ್ಪಣೆ ಕೇಳಿ ಇಲ್ಲಿ ಒಲೆ ಹೂಡಿದ್ರಿ ಅಂದ. ಮಾಳವ್ವ ಬಾಣಂತಿಗೆ ನೀರು ಕಾಯಿಸ್ತಿದ್ದೋಳು ಏಳ್ಲೂ ಇಲ್ಲ. ಬುದ್ಧಿ, ನೀವು ನಮ್ಮೂರು ಮುಳುಗಿಸಿದಾಗ ಯಾರ ಅಪ್ಪಣೆ ಕೇಳಿದ್ರಿ ಅಂದ್ಲಂತೆ.

ರಾಜ ತಲೆ ತಗ್ಗಿಸ್ಕೊಂಡು ಹೋದೋನು ಈರಭದ್ರನ್ನೂ ಚೌಡನ್ನೂ ಬಿಟ್ಟು ಕಳಿಸಿ, ಇನ್ನು ಆ ಕಡೆ ಯಾವ ಸಿಪಾಯೀನೂ ಕಾಲಿಡಕೂಡದು ಅಂತ ಡಂಗುರ ಸಾರಿಸಿದ. ಹಂಗೆ ಆನೆಲಾಯವೇ ಊರಾಯ್ತಂತೆ.

ಆದ್ರೂ ಬಿಟ್ಟು ಬಂದ ಊರು ಬಿಡುತ್ತಾ ಮಗಾ? ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಮಾಳವ್ವ ಮೊಮ್ಮಗಳನ್ನ ಕಂಕುಳಲ್ಲಿ ಎತ್ಕೊಂಡು ಏರಿ ಮೇಲೆ ನಿಂತು, ಅಗೋ, ಆ ಕೊಕ್ಕರೆ ಕೂತಿದ್ಯಲ್ಲ, ಅಲ್ಲೇ ನಮ್ಮನೆ ಅಂತ ತೋರಿಸ್ತಿದ್ಲಂತೆ. ಕೊಕ್ಕರೆ ಹಾರಿ ಇನ್ನೊಂದು ಕಡೆ ಕೂತ್ರೆ, ಅದೂ ನಮ್ಮನೇನಾ ಅಂತ ಮಗು ಕೇಳ್ತಿತ್ತು. ಹೂಂ ಕಣವ್ವ, ಅದೂ ನಮ್ಮನೇನೇ ಅಂತ ಮುದುಕಿ ಸೆರಗಲ್ಲಿ ಕಣ್ಣೊರೆಸ್ಕೋತಿದ್ಲಂತೆ. ಕತೆ ಮುಗೀತು ಪುಟ್ಟಿ, ಕಂಬಳಿ ಎಳ್ಕೋ.