ಬೆನ್ನು ತೋರಿಸದ ಚಂದ್ರ

ಮನುಷ್ಯರು ಕರೆದರೆ ಆಕಾಶ ಓಗೊಡ್ತಿದ್ದ ಒಂದಾನೊಂದು ಕಾಲದಲ್ಲಿ, ಒಂದೂರಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯೋ ಕೆಂಚವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡಿದ್ದ. ಹೆತ್ತ ಮೂರು ಕೂಸಲ್ಲಿ ಮೊದಲಿನ ಎರಡು ಬಾಳಲಿಲ್ಲ. ಅದಕ್ಕೇ ಮೂರನೇದು ಹುಟ್ಟಿದ ಕೂಡಲೇ ತಿಪ್ಪೆ ಮೇಲೆ ಉರುಳಿಸಿ ತಿಪ್ಪವ್ವ ಅಂತ ಹೆಸರಿಟ್ಟಳು, ಹೆಸರು ಕೇಳಿ ಸಾವು ಅಸಹ್ಯಪಟ್ಟುಕೊಂಡು ಆಚೆ ಹೋಗ್ಲಿ ಅಂತ. ಹುಡುಗಿ ಚೆನ್ನಾಗೇ ಬೆಳೆದಳು. ಎತ್ತು ಗಾಣ ಸುತ್ತೋವಾಗ ಹಲಗೆ ಮೇಲೆ ಕೂತ್ಕೊಂಡು, ಬೆಲ್ಲ ಹಚ್ಚಿದ ಹಿಂಡಿ ತಿಂತಾ, ಅವ್ವಂಗೆ ಉಸಿರಾಡೋಕೆ ಬಿಡದ ಹಾಗೆ ಮಾತಾಡ್ತಿದ್ದಳಂತೆ. ಹಾಲುಹಲ್ಲು ಬೀಳೋ ವಯಸ್ಸಿಗೆ ಜ್ವರ ಬಂತು. ಹೆಸರಿಗೆ ಸಾವು ಹೆದರಲಿಲ್ಲ ಮಗಾ. ತಿಪ್ಪವ್ವ ಹೋಗಿಬಿಟ್ಟಳು.

ಆಮೇಲೆ ಕೆಂಚವ್ವ ಗಾಣ ಕಟ್ಟಲಿಲ್ಲ, ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ತಂದಿಟ್ಟ ಮುದ್ದೆ ಹಾಗೇ ಒಣಗೋದಂತೆ. ಅದನ್ನ ನೋಡಲಾರದೆ ಊರಿನ ಒಬ್ಬಳು ಮುದುಕಿ ಸಮಾಧಾನಕ್ಕೆ ಹೇಳಿದಳು, ನಿನ್ನ ಮಗಳು ಎಲ್ಲೂ ಹೋಗಿಲ್ಲ ಕಣೆ, ಚಂದ್ರನ ಹತ್ರ ಇದಾಳೆ ಅಂತ. ಹೇಳಿದ್ದೇ ತಡ, ಕೆಂಚವ್ವ ಎದ್ದಳು. ಹುಣ್ಣಿಮೆ ಸಂಜೆ ಊರ ಮುಂದಿನ ಗುಡ್ಡ ಹತ್ತಿ, ಆಗ ತಾನೇ ಏಳ್ತಿದ್ದ ಚಂದ್ರನ್ನ ಕೂಗಿದಳಂತೆ. ಚಂದ್ರಪ್ಪಾ, ಒಂದು ಗಳಿಗೆ ಇಳಿದು ನಿಂತ್ಕೋ, ನನ್ನ ಮಗಳನ್ನ ಎತ್ಕೊಂಡುಬಿಡ್ತೀನಿ.

ಅದಕ್ಕೆ ಚಂದ್ರ ಅಂದನಂತೆ, ಅವ್ವಾ, ನಾನು ನಿಲ್ಲೋ ಹಾಗಿಲ್ಲ. ಭೂತಾಯಿ ಸುತ್ತ ನನಗೊಂದು ದಾರಿ ಇದೆ, ಕಕ್ಷೆ ಅಂತಾರೆ. ನಾನು ಮುಂದಕ್ಕೆ ಓಡ್ತಾನೇ ಇರ್ತೀನಿ, ಅವಳು ತನ್ನ ಕಡೆ ಎಳೀತಾನೇ ಇರ್ತಾಳೆ, ಎರಡೂ ಸೇರಿ ಸುತ್ತು ಹಾಕೋದಾಗುತ್ತೆ. ನಿಂತೆ ಅಂದ್ರೆ ನೇರ ಬಂದು ನಿಮ್ಮ ಮೇಲೇ ಬೀಳ್ತೀನಿ. ಆಗ ಊರೂ ಇರಲ್ಲ, ನಾನೂ ಇರಲ್ಲ.

ಏನು ಕೇಳಿದೆ? ಹಗ್ಗ ಎಲ್ಲಿದೆ ಅಂತಲಾ? ಇಲ್ಲ ಮಗಾ, ಹಗ್ಗ ಗಿಗ್ಗ ಏನೂ ಇಲ್ಲ. ನೀನು ಮೇಲಕ್ಕೆ ಎಸೆದ ಚೆಂಡು ಕೆಳಕ್ಕೇ ಬರುತ್ತಲ್ಲ, ಅದನ್ನ ಎಳೆಯೋಳೂ ಭೂತಾಯೀನೇ.

ಆಮೇಲೆ ಕೆಂಚವ್ವ ಗುಡ್ಡ ಇಳಿದು ಬಂದು, ಹುತ್ತದ ಹತ್ರ ಮಂಡಿಯೂರಿ, ಅದರೊಳಕ್ಕೆ ಬಾಯಿಟ್ಟು ಕರೆದಳಂತೆ. ತಾಯೀ, ಇನ್ನೊಂಚೂರು ಜೋರಾಗಿ ಎಳಿಯವ್ವಾ, ಚಂದ್ರ ನನ್ನ ಕೈಗೆ ಎಟುಕಲಿ. ಭೂತಾಯಿ ಅಂದಳಂತೆ, ಕೆಂಚವ್ವಾ, ಅವನು ನನ್ನ ಮಗ ಕಣೆ, ನನ್ನ ಮೈಯಿಂದಲೇ ಸಿಡಿದು ಹೋದವನು. ಅವನ ದಾರಿ ಪೂರಾ ದುಂಡಗಿಲ್ಲ, ಒಂದು ಕಡೆ ಹತ್ರ, ಒಂದು ಕಡೆ ದೂರ. ಹತ್ರ ಬಂದಾಗ ಎತ್ಕೋಬೇಕು ಅಂತ ನನ್ನ ಸಮುದ್ರ ಅವನ ಕಡೆ ಉಬ್ಬಿ ಬರುತ್ತೆ, ಅಷ್ಟರಲ್ಲಿ ಮತ್ತೆ ದೂರಕ್ಕೆ ಹೊರಟಿರ್ತಾನೆ. ವರ್ಷ ವರ್ಷಾನೂ ಎರಡು ಬೆರಳಿನಷ್ಟು ಆಚೆಗೇ ಸರೀತಿದಾನೆ. ತೀರಾ ಹತ್ರಕ್ಕೆ ಎಳೆದುಕೊಂಡ್ರೆ ನುಚ್ಚುನೂರಾಗ್ತಾನೆ. ಮಡಿಲಿಗೆ ಬಾರದ ಮಗನನ್ನ ದಿನಾ ನೋಡೋದು ಅಂದ್ರೆ ಏನು ಅಂತ ನನಗೆ ಗೊತ್ತಿಲ್ವೇನೇ?

ಆಮೇಲೆ ಇಬ್ಬರು ತಾಯಂದಿರೂ ಅತ್ತರಂತೆ. ಅತ್ತು ಹಗುರಾದ ಮೇಲೆ ಭೂತಾಯಿ ಹೇಳಿದಳು, ನಾನೂ ಒಂದು ಕಡೆ ಕೂತವಳಲ್ಲವ್ವ, ಸೂರ್ಯನ ಸುತ್ತ ಹೋಗ್ತಾನೇ ಇದೀನಿ. ಒಂದು ಮಾತು ಅವನನ್ನೂ ಕೇಳಿ ನೋಡು.

ಬೆಳಗಾಗ್ತಲೇ ಕೆಂಚವ್ವ ಕೆರೆ ಏರಿ ಮೇಲೆ ನಿಂತು ಸೂರ್ಯನಿಗೆ ಕೈ ಮುಗಿದಳು. ಎಲ್ಲರಿಗೂ ದೊಡ್ಡೋನು ನೀನು, ನೀನು ಹೇಳಿದ್ರೆ ಚಂದ್ರ ಕೇಳಲ್ವಾ ಅಂದಳು. ಸೂರ್ಯ ಅಂದನಂತೆ, ತಾಯೀ, ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಗ್ರಹಗಳೆಲ್ಲ ನನ್ನ ಸುತ್ತ ಅವರವರ ದಾರೀಲಿ ನಡೀತಾವೆ. ಹತ್ರದ ಬುಧ ಬೇಗ ಸುತ್ತಿ ಬರ್ತಾನೆ. ದೂರದ ಶನಿ ಒಂದು ಸುತ್ತು ಮುಗಿಸೋ ಹೊತ್ತಿಗೆ ತೊಟ್ಟಿಲಲ್ಲಿದ್ದ ಕೂಸು ಬೆಳೆದು ತಾನೇ ತಾಯಾಗಿರುತ್ತೆ.

ಆ ಮಾತಿಗೆ ಕೆಂಚವ್ವಂಗೆ ಮಗಳ ನೆನಪು ನುಗ್ಗಿ ಬಂತು. ತಿಪ್ಪವ್ವ ಯಾವತ್ತು ದೊಡ್ಡೋಳಾಗೋದು, ಯಾವತ್ತು ತಾಯಾಗೋದು? ಏರಿ ಮೇಲೇ ಕೂತುಬಿಟ್ಟಳಂತೆ.

ಸೂರ್ಯ ಅವಳ ಮೇಲೆ ಬೀಳ್ತಿದ್ದ ಬಿಸಿಲನ್ನ ತಂಪು ಮಾಡಿದ. ನಾನು ಹಿಡಿತ ಬಿಟ್ಟರೆ ಇಷ್ಟೂ ಮಕ್ಕಳು ಕತ್ತಲಲ್ಲಿ ಚೆಲ್ಲಾಪಿಲ್ಲಿ ಆಗ್ತಾರೆ ತಾಯಿ. ಹೋದವರನ್ನ ಕರೆದು ಕೊಡೋ ಶಕ್ತಿ ನನಗಿಲ್ಲ. ಚಂದ್ರನ ಕೈಲಿ ಆಗೋದು ಏನಾದ್ರೂ ಇದ್ರೆ ಅದನ್ನ ಕೇಳು ಅಂದ.

ಕೆಂಚವ್ವ ಹಗಲೆಲ್ಲ ಅಲ್ಲೇ ಕೂತು ಯೋಚನೆ ಮಾಡಿದಳು. ಆಗಿನ ಕಾಲಕ್ಕೆ ಚಂದ್ರ ಬುಗುರಿ ಹಾಗೆ ಗಿರಗಿರ ತಿರುಗ್ತಿದ್ದನಂತೆ, ಒಂದು ಸಲ ಮುಖ ಕಂಡರೆ ಇನ್ನೊಂದು ಸಲ ಬೆನ್ನು. ಸಂಜೆ ಅವನು ಮೂಡಿದಾಗ ಇವಳು ಕೂಗಲಿಲ್ಲ, ಮೆಲ್ಲಗೆ ಅಂದಳು, ಇಳೀಬೇಡ ಕಣಪ್ಪಾ, ನಿಲ್ಲಲೂಬೇಡ. ನನ್ನ ಮಗಳಿರೋ ಮಗ್ಗುಲನ್ನ ನಮ್ಮ ಕಡೆಗೆ ಇಟ್ಕೊಂಡು ಹೋಗು. ಬೆನ್ನೊಂದು ತೋರಿಸಬೇಡ.

ಆಗಲಿ ಅವ್ವಾ ಅಂದ ಚಂದ್ರ. ತಿರುಗೋದನ್ನ ನಿಧಾನ ಮಾಡಿದ, ಮಾಡಿದ, ಕೊನೆಗೆ ಭೂತಾಯಿಯನ್ನ ಒಂದು ಸುತ್ತು ಬರೋಷ್ಟರಲ್ಲಿ ತಾನೂ ಒಂದೇ ಸಲ ತಿರುಗೋ ಹಾಗೆ ಆದ. ಅವತ್ತಿಂದ ಅವನ ಒಂದೇ ಮುಖ ನಮಗೆ ಕಾಣೋದು. ಇನ್ನೂ ಒಂದು ಮಾತು ಹೇಳಿದನಂತೆ, ಅಮಾವಾಸ್ಯೆ ದಿನ ನಾನು ಹೊರಟುಹೋದೆ ಅಂದ್ಕೋಬೇಡ. ಸೂರ್ಯನಿಗೂ ನಿಮಗೂ ನಡುವೆ ಇರ್ತೀನಿ, ಬಿಸಿಲು ನನ್ನ ಆಚೆ ಮಗ್ಗುಲಿಗೆ ಬೀಳುತ್ತೆ ಅಷ್ಟೇ. ಕಾಣದೇ ಇದ್ರೂ ಮುಖ ನಿನ್ನ ಕಡೆಗೇ ಇರುತ್ತೆ.

ಕೆಂಚವ್ವ ಮನೆಗೆ ಬಂದು, ತಣ್ಣಗಾಗಿದ್ದ ಮುದ್ದೆ ಮುರಿದು ತಿಂದಳಂತೆ. ಮಗಳು ಬಂದಳಾ ಅಂತ ಕೇಳಬೇಡ ಮಗಾ, ಬರಲಿಲ್ಲ. ಆಮೇಲೆ ಸುಗ್ಗಿ ಕಾಲದಲ್ಲಿ ಅಗಸರ ಭರಮವ್ವನ ಎಳೆಕೂಸು ತೀರಿಕೊಂಡಿತು. ಊರವರು ಏನು ಹೇಳೋದು ಅಂತ ಗೊತ್ತಾಗದೆ ಬಾಗಿಲಾಚೆ ನಿಂತಿದ್ರೆ, ಕೆಂಚವ್ವ ಗಂಜಿ ಕಾಯಿಸಿಕೊಂಡು ಒಳಗೆ ಹೋಗಿ ಅವಳ ಪಕ್ಕ ಕೂತಳು. ಅಕ್ಕಾ, ಇದು ಯಾವಾಗ ಮರೆತುಹೋಗುತ್ತೆ ಅಂದಳು ಭರಮವ್ವ. ಮರೆತುಹೋಗಲ್ಲ ಕಣೆ, ಒಂದು ಗುಟುಕು ಕುಡಿ ಅಂದಳು ಕೆಂಚವ್ವ. ಅವಳು ಕುಡಿದಳು. ಆಮೇಲೆ ಅವರಿಬ್ಬರೂ ಅಕ್ಕತಂಗೀರ ಹಾಗೆ ಒಬ್ಬರಿಗೊಬ್ಬರು ಆಗಿ ಬಹಳ ಕಾಲ ಬಾಳಿದರಂತೆ.

ಇಲ್ಲಿಗೆ ನನ್ನ ಕತೆ ಆಯ್ತು ಕಣವ್ವ. ಈ ಕಡೆ ಮಗ್ಗುಲಾಗು, ಕಂಬಳಿ ಎಳ್ಕೋ.