ಆಟಪ್ಪ ಹಾಕಿದ ಟವೆಲು

ಭುವಿ, ದಿಂಬಿನ ಕೆಳಗಿಂದ ಕೈ ತೆಗಿ, ಈ ಅಜ್ಜಿ ಹೇಳೋ ಕತೆ ಕೇಳು. ನಿಮ್ಮಮ್ಮ ಬಸ್ಸಿನ ಡ್ಯೂಟಿ ಮುಗಿಸ್ಕೊಂಡು ಫೋನ್ ಮಾಡ್ತಾಳೆ, ಅಲ್ಲೀವರೆಗೆ.

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ, ಇದೇ ವಾರ, ಒಂದು ಹಳೇ ಫೋನೊಳಗೆ ಅಂಗೈಯಗಲದ ಊರಿತ್ತಂತೆ. ಊರಿಗೆಲ್ಲ ಒಂದೇ ಜಗಲಿ, ಅದ್ರಲ್ಲಿ ಹನ್ನೆರಡೇ ಮಣೆ. ಯಾರೇ ಆಗ್ಲಿ ಮಣೆ ಮೇಲೆ ಕೂತೇ ಕೆಲಸ ಮಾಡ್ಬೇಕು, ಮುಗೀತಿದ್ದಂಗೆ ಎದ್ದು ಬಿಟ್ಕೊಡ್ಬೇಕು. ಮಣೆ ಹಂಚೋಳು ಯಜಮಾನಿ ಹೊನ್ನಾಜಮ್ಮ. ಎಷ್ಟು ಮಣೆ ಖಾಲಿ ಅಂತ ಬಾಗಿಲ ಹತ್ರ ಸ್ಲೇಟಲ್ಲಿ ಬರೀತಿದ್ಲಂತೆ. ಓದೋಕೆ ಎಲ್ರೂ ಓದ್ಬೋದು, ಬರೆಯೋಕೆ ಅವಳೊಬ್ಳೇ.

ಅಲ್ಲಿ ಮೂರು ಜನ ಅಣ್ಣತಮ್ಮಂದಿರು. ಫೋಟೋ ನೋಡ್ಕೊಳ್ಳೋ ಚಿತ್ರಪ್ಪ, ಹಾಡು ಹಾಕೋ ಹಾಡಪ್ಪ, ಆಟ ಆಡ್ಸೋ ಆಟಪ್ಪ. ಆಟಪ್ಪ ಮಹಾ ಕಿಲಾಡಿ. ತಾನು ಕೂರೋದು ಒಂದು ಮಣೆ, ಆದ್ರೆ ಬಸ್ಸಲ್ಲಿ ಸೀಟು ಹಿಡಿಯೋರ ಹಂಗೆ ಖಾಲಿ ಮಣೆಗೆಲ್ಲ ಟವೆಲು ಹಾಕ್ಬಿಡ್ತಿದ್ನಂತೆ. ಸ್ಲೇಟಲ್ಲಿ ಸೊನ್ನೆ.

ಆಮೇಲೆ ಫೋನ್ ಕರೆ ಹೊತ್ಕೊಂಡು ಬರೋ ಕರೆಯವ್ವ ಬಂದ್ಲಂತೆ. ಅವಳ ಸೆರಗಲ್ಲಿ ದೂರದೂರಿಂದ ಒಬ್ಬ ಅಮ್ಮ ಕಟ್ಟಿಕೊಟ್ಟ ಮಾತಿತ್ತು. ಕೂರೋಕೆ ಮಣೆ ಸಿಗ್ಲಿಲ್ಲ ಅಂದ್ರೆ ಮಾತು ವಾಪಸ್. ಒಂದೇ ಒಂದು ಮಣೆ ಕೊಡ್ರೋ ಅಂತ ಬೇಡ್ಕೊಂಡ್ಲು.

ಹೊನ್ನಾಜಮ್ಮ ಚಿತ್ರಪ್ಪನ ಹತ್ರ ಹೋಗಿ ನೋಡಿದ್ರೆ, ಅವನೂ ಹಾಡಪ್ಪನೂ ಒಂದೊಂದು ಮೂಟೆ ಕನ್ನಡ ಅಕ್ಷರ ಪಕ್ಕದ ಮಣೆ ಮೇಲಿಟ್ಕೊಂಡಿದಾರೆ! ಅಯ್ಯೋ ಪೆದ್ದುಗಳಾ, ಫೋಟೋದ ಹೆಸರು, ಹಾಡಿನ ಹೆಸರು ನೋಡ್ಕೊಂಡು ಬರೆಯೋಕೆ ಇಬ್ರಿಗೂ ಒಂದೇ ಮೂಟೆ ಸಾಲ್ದಾ ಅಂತ ಬೈದು ಒಂದನ್ನ ಆಚೆ ಹಾಕ್ಸಿದ್ಲು. ಮಣೆ ಖಾಲಿ ಆಯ್ತು. ತಿರುಗಿ ನೋಡೋಷ್ಟರಲ್ಲಿ ಅದ್ರ ಮೇಲೂ ಟವೆಲು! ಆಮೇಲೆ ಹಾಡಪ್ಪ, ಪಾಪ, ಇನ್ನೊಂದು ಮಣೆ ಮೇಲಿದ್ದ ತಂಬೂರಿ ತೊಡೆ ಮೇಲಿಟ್ಕೊಂಡು ಮುದುರಿ ಕೂತ. ಅಲ್ಲೂ ಟವೆಲು! ಮೂರನೇ ಸಲ ಆಟಪ್ಪನ್ನೇ ಕೇಳಿದ್ರೆ, ನನ್ನ ಕರೆಸಿರೋದು ಫೋನ್ ಇಟ್ಕೊಂಡಿರೋ ಹುಡುಗಿ, ಅವಳು ಏಳು ಅನ್ನೋವರೆಗೂ ಏಳಲ್ಲ ಅಂದ್ನಂತೆ. ಸಾಲದ್ದಕ್ಕೆ ಸ್ಲೇಟು ಒರೆಸೋಕೆ ಹೋಗಿ ಕೈ ಮೇಲೆ ಏಟೂ ತಿಂದ.

ಕರೆಯವ್ವ ಬಾಗಿಲಲ್ಲೇ ನಿಂತು ಅತ್ಲಂತೆ.

ಆ ಹುಡುಗಿ ಯಾರು ಅಂತೀಯಾ? ನಂಗೇನು ಗೊತ್ತು ತಾಯಿ. ಇದೇನು, ಮತ್ತೆ ದಿಂಬಿನ ಕೆಳಗೆ ಕೈ? ಓ, ಫೋನಲ್ಲಿ ಆಟ ಮುಚ್ಚಿದ್ಯಾ? ಜಾಣೆ! ಹಾಗಾದ್ರೆ ಆಟಪ್ಪ ಟವೆಲೆಲ್ಲ ಬಾಚ್ಕೊಂಡು ಎದ್ದ, ಹೊನ್ನಾಜಮ್ಮ ಸ್ಲೇಟಲ್ಲಿ ಒಂಬತ್ತು ಅಂತ ಬರೆದ್ಲು, ಕರೆಯವ್ವ ಓಡ್ಬಂದು ಕೂತ್ಲು...

ನೋಡು, ರಿಂಗಾಯ್ತು! ಎತ್ತೇ ಬೇಗ. ಊಟ ಆಯ್ತಾ ಅಂತ ಮೊದ್ಲು ಕೇಳು. ಕತೆ ಮುಗೀತು, ನಿಮ್ಮಮ್ಮಂಗೆ ಮಣೆ ಸಿಕ್ತು.