ಅಡುಗೆಯವನು ಹಾಕಿದ ಎಲೆಗಳು

“ಬುದ್ಧಿ, ಹೋದ ವರ್ಷ ಒಂದು ಥರ ಬಂತು, ಈ ವರ್ಷ ಇನ್ನೊಂದು ಥರ ಬಂದದೆ. ಇದರಲ್ಲಿ ಯಾವುದನ್ನ ನಂಬ್ಲಿ?” ಎಂದು ಮರಿಬಸವ ಗುರುಗಳನ್ನು ಕೇಳಿದ.

ಅವನ ಕೈಯಲ್ಲಿ ಎರಡು ಹಾಳೆಗಳಿದ್ದವು. ಎಂಜಲನ್ನು ಸಣ್ಣ ಕೊಳವೆಗೆ ತುಂಬಿ ಕಳಿಸಿದರೆ, ಅದರ ಡಿಎನ್‌ಎ ನೋಡಿ, ನಿಮ್ಮ ಹಿರಿಯರು ಎಲ್ಲೆಲ್ಲಿಯವರೆಂದು ಪಾಲು ಪಾಲಾಗಿ ಬರೆದು ತಿಳಿಸುವ ಕಂಪನಿಯ ಹಾಳೆಗಳು ಅವು. ಮರಿಬಸವನಿಗೆ ತನ್ನನ್ನು ಹಡೆದವರು ಯಾರೆಂದು ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದ ಕೆಂಪವ್ವ ಅವನನ್ನು ಸಾಕಿ, ಓದಿಸಿ, ಮಠಕ್ಕೆ ಸೇರಿಸಿದ್ದಳು. ಕಳೆದ ಆಷಾಢದಲ್ಲಿ ಅವಳೂ ತೀರಿಕೊಂಡಿದ್ದಳು. ಪಿತೃಪಕ್ಷ ಹತ್ತಿರ ಬಂದಿತ್ತು. ತನ್ನ ಹಿರಿಯರೆಂದು ಯಾರಿಗೆ ಎಡೆ ಇಡಬೇಕೆಂಬುದು ಅವನ ಚಿಂತೆ.

ಗುರುಗಳು ಹಾಳೆಗಳನ್ನು ಮುಟ್ಟಲಿಲ್ಲ. ಕೂರಲು ಹೇಳಿದರು. ಒಬ್ಬ ಅಡುಗೆಯವನ ಕತೆ ಹೇಳುತ್ತೇನೆ, ಮಠದಲ್ಲಿ ಕೂತು ಮೀನಿನ ಮಾತೇ ಎಂದು ಮೂಗು ಮುರಿಯಬೇಡ ಎಂದು ಶುರು ಮಾಡಿದರು.

ಒಬ್ಬ ಮದುವೆ ಅಡುಗೆಯವನಿದ್ದ. ಯಾವ ಕುಲದವರು ಕರೆದರೂ ಅವರ ಮನೆಯ ರುಚಿಯನ್ನೇ ಮಾಡಿ ಬಡಿಸುತ್ತಿದ್ದ. ಉಂಡವರು, ಇವನು ನಮ್ಮವನೇ ಇರಬೇಕು ಅನ್ನುತ್ತಿದ್ದರು. ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ಅದೇ ಅವನ ಸಂಕಟ. ತಾನು ಯಾರವನೆಂದು ಅವನಿಗೆ ಗೊತ್ತಿರಲಿಲ್ಲ.

ಅವನನ್ನು ಸಾಕಿದವನೂ ಒಬ್ಬ ಮುದಿ ಅಡುಗೆಯವನು. ಒಂದು ಮದುವೆ ಮುಗಿದ ಮೇಲೆ ಛತ್ರದ ಹಿತ್ತಲಿನಲ್ಲಿ ಕೂಸೊಂದು ಸಿಕ್ಕಿತು. ಬಿಟ್ಟುಹೋದವರು ಮನಸ್ಸು ಬದಲಿಸಿ ಬಂದಾರೆಂದು ಮುದುಕ ಮೂರು ದಿನ ಅಲ್ಲೇ ಕಾದ. ಯಾರೂ ಬರಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಮದುವೆಗೆ ನಡೆದ. ಅದು ಬೆಳೆದ ಹಾಗೆ ತನ್ನ ವಿದ್ಯೆಯನ್ನೆಲ್ಲ ಕಲಿಸಿದ. ಮೂವತ್ತು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಬೆವರು ಸುರಿಸಿದರು. ಆಮೇಲೆ ಮುದುಕ ಸತ್ತ. ಅಡುಗೆಯವನು ಮದುವೆಯಾದದ್ದು ಅದರ ನಂತರ.

ಎಡೆ ಇಡುವ ಪದ್ಧತಿ ನಿನಗೆ ಗೊತ್ತೇ ಇದೆ. ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯರಿಗೆ ಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವಿತ್ತೋ ಅದನ್ನು ಬಡಿಸಿ, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಬೀದಿಯ ಬೇರೆ ಮನೆಗಳಲ್ಲಿ ಏಳು ಎಲೆ, ಒಂಬತ್ತು ಎಲೆ. ಅಡುಗೆಯವನ ಮನೆಯಲ್ಲಿ ಮುದುಕನದೊಂದೇ. ಅದಕ್ಕೆ ಅವನು ಮನೆಯಲ್ಲಿ ಏನು ಮಾಡಿದ್ದರೋ ಅದನ್ನೆಲ್ಲ ಒಂದಿಷ್ಟಿಷ್ಟು ಬಡಿಸಿ ಬಾಗಿಲು ಹಾಕುತ್ತಿದ್ದ. ಊರಿನ ಮದುವೆಗಳಿಗೆಲ್ಲ ಬಡಿಸುವ ತನ್ನ ಕೈಯಿಂದ ತನ್ನ ರಕ್ತದವರಿಗೆ ಒಂದು ತುತ್ತು ಹೋಗುತ್ತಿಲ್ಲವಲ್ಲ, ಅವರು ಎಲ್ಲೋ ಹಸಿದು ಅಲೆಯುತ್ತಿದ್ದಾರೆ ಎಂದು ಅವನು ಕೊರಗುತ್ತಿದ್ದ.

ನಿನ್ನ ಹಾಗೆಯೇ ಅವನೂ ಎಂಜಲು ಕಳಿಸಿದ. ಉತ್ತರ ಬಂತು. ನೂರರಲ್ಲಿ ನಲವತ್ತೊಂದು ಪಾಲು ಕರಾವಳಿ, ಮೂವತ್ತು ಪಾಲು ತಮಿಳು ಸೀಮೆ, ಇಪ್ಪತ್ತೇಳು ಆಂಧ್ರ, ಇನ್ನೆರಡು ಪಾಲು ವಾಯವ್ಯದ ಯಾವುದೋ ಬೆಟ್ಟಗಾಡು.

ಆ ವರ್ಷ ಅವನು ಪಾಲಿಗೆ ತಕ್ಕಂತೆ ಎಲೆ ಹಾಕಿದ. ಕರಾವಳಿಯವರಿಗೆ ಅಗಲದ ಎಲೆ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ತಮಿಳು ಸೀಮೆಯವರಿಗೆ ಹುಳಿ ಕೊಳಂಬು. ಆಂಧ್ರದವರಿಗೆ ಗೋಂಗುರ. ಎರಡು ಪಾಲಿನವರಿಗೆ ಒಂದು ವೀಳ್ಯದೆಲೆ, ಅದರ ಮೇಲೆ ಒಂದು ಚೂರು ರೊಟ್ಟಿ. ನಗಬೇಡ. ಬಾಗಿಲು ಮುಚ್ಚಿ ಹೊರಗೆ ನಿಂತಾಗ ಅವನು ಬಿಕ್ಕಿ ಬಿಕ್ಕಿ ಅತ್ತ. ತನ್ನ ಮನೆಗೂ ಜನ ಬಂದರಲ್ಲ ಎಂದು ಅತ್ತ.

ಮುದುಕನ ಎಲೆಯನ್ನು ಅವನು ಆ ಸಾಲಿನಲ್ಲಿ ಹಾಕಲಿಲ್ಲ. ಹೊರಗಿನವನೊಬ್ಬ ಕೂತಿದ್ದರೆ ಮನೆಯವರು ಸಂಕೋಚಪಟ್ಟು ಬರದೆ ಹೋದಾರು ಎಂದು ಬೀದಿಯ ಯಜಮಾನನೊಬ್ಬ ಹೇಳಿದ್ದ. ಹಾಳೆಯಲ್ಲಿ ಮುದುಕನ ಪಾಲು ಇರಲಿಲ್ಲ. ಅಷ್ಟು ದಿನ ಕಾದು ಬಂದವರು ತಿರುಗಿ ಹೋಗುವುದು ಬೇಡ, ಒಂದು ವರ್ಷ ತಾನೇ, ಮುದುಕ ಬೇಜಾರು ಮಾಡಿಕೊಳ್ಳುವವನಲ್ಲ ಅಂದುಕೊಂಡ.

ಮರಿಬಸವ ತಡೆಯಲಾರದೆ ನಡುವೆ ಬಾಯಿ ಹಾಕಿದ. “ರಕ್ತದೋರ್ನ ಹುಡುಕೋದು ತಪ್ಪಾ, ಬುದ್ಧಿ?”

“ಹಸಿವು ತಪ್ಪಲ್ಲ. ಮುಂದೆ ಕೇಳು” ಎಂದು ಗುರುಗಳು ಮತ್ತೆ ಹೇಳತೊಡಗಿದರು.

ಆಮೇಲೆ ಅವನು ಸಮುದ್ರ ನೋಡಲು ಹೋದ. ದಡದಲ್ಲಿ ನಿಂತು, ಕಾಣದ ಒಬ್ಬ ಅಜ್ಜಿಯನ್ನು ಮನಸ್ಸಿನಲ್ಲೇ ಕರೆದ. ಅವಳಿಗೊಂದು ಮುಖ ಕೊಟ್ಟ, ನಡೆ ಕೊಟ್ಟ. ಒಂದು ಹಿಡಿ ಮರಳನ್ನು ಬಟ್ಟೆಯಲ್ಲಿ ಕಟ್ಟಿ ತಂದು ದೇವರ ಗೂಡಿನಲ್ಲಿಟ್ಟ. ಹೆಂಡತಿಯ ಮುಂದೆ ನಮ್ಮ ಕಡೆಯವರು, ನಮ್ಮ ಕಡೆಯವರು ಎಂದು ಮಾತಾಡಲು ಕಲಿತ. ಆ ಒಂದು ವರ್ಷ ಅವನು ಸುಖವಾಗಿದ್ದ.

ಎರಡನೆಯ ವರ್ಷ ಲೆಕ್ಕ ಬದಲಾಗಿದೆಯೆಂದು ಕಂಪನಿಯಿಂದ ಸುದ್ದಿ ಬಂತು. ಮೊಬೈಲಿನಲ್ಲಿ ತೆಗೆದು ನೋಡಿದ. ಕರಾವಳಿ ಇರಲೇ ಇಲ್ಲ. ನಲವತ್ತೊಂದು ಪಾಲು ಜನ ಒಂದೇ ಬೆಳಗಿಗೆ ಹೋಗಿಬಿಟ್ಟಿದ್ದರು.

ಅವನು ಪುರೋಹಿತನ ಹತ್ತಿರ ಹೋಗಿ, ಇಲ್ಲದವರು ಹೋದರೆ ಎಷ್ಟು ದಿನ ಸೂತಕ ಎಂದು ಕೇಳಿದ. ಪುರೋಹಿತ ತಬ್ಬಿಬ್ಬಾಗಿ ಮೂರು ದಿನ ಅಂದ. ಇವನು ಮೂರು ದಿನ ಸೂತಕ ಹಿಡಿದ. ಸೂತಕದವನ ಕೈ ಅಡುಗೆಯನ್ನು ಮದುವೆಗೆ ಯಾರು ಬಡಿಸುತ್ತಾರೆ? ಒಪ್ಪಿಕೊಂಡಿದ್ದ ಮದುವೆಯೊಂದು ಕೈತಪ್ಪಿತು. ಮರಳನ್ನು ಹೊಳೆಗೆ ಬಿಟ್ಟು ತಲೆಗೆ ನೀರು ಹಾಕಿಕೊಂಡ. ಅಮಾವಾಸ್ಯೆಯ ದಿನ ಹೊಸ ಪಟ್ಟಿಯಲ್ಲಿದ್ದವರಿಗೆ ಎಲೆ ಹಾಕಿದ. ಮುದುಕನಿಗೆ ಆ ವರ್ಷವೂ ಇಲ್ಲ.

ಮೂರನೆಯ ವರ್ಷ ಕರಾವಳಿ ಹನ್ನೊಂದು ಪಾಲಾಗಿ ಹಿಂತಿರುಗಿತು. ಆಂಧ್ರ ಹೋಯಿತು. ಹೊಳೆಗೆ ಬಿಟ್ಟ ಮರಳನ್ನು ಎಲ್ಲಿಂದ ತರಲಿ ಎಂದು ಅವನು ತಲೆ ಚಚ್ಚಿಕೊಂಡ. ಹೇಗೋ ಎಲೆ ಹಾಕಿ ಬಾಗಿಲು ಮುಚ್ಚಿದ. ಈ ಸಲ ಅಳು ಬರಲಿಲ್ಲ. ಮುದುಕನ ನೆನಪೂ ಬರಲಿಲ್ಲ.

ನಾಲ್ಕನೆಯ ವರ್ಷ ಮತ್ತೆ ಬದಲಾಯಿತು. ನನ್ನವರು ಯಾರೆಂದು ಒಂದು ಸಲ ಸರಿಯಾಗಿ ಹೇಳಿ ಎಂದು ಕಂಪನಿಗೆ ಪತ್ರ ಬರೆದ. ಅವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಮೊದಲು ಎಂಜಲು ಕೊಟ್ಟವರು ಕಡಿಮೆ ಜನ, ಆ ಕೆಲವರ ಜೊತೆ ಹೋಲಿಸಿ ಹೇಳಿದ್ದೆವು. ಈಗ ಹೆಚ್ಚು ಜನ ಕೊಟ್ಟಿದ್ದಾರೆ, ಅದಕ್ಕೇ ಬದಲಾಯಿತು. ಮುಂದೆಯೂ ಬದಲಾದೀತು. ಹಿಂದಿನದು ಸುಳ್ಳಲ್ಲ, ಈಗಿನದು ಕೊನೆಯದಲ್ಲ, ಎಲ್ಲವೂ ಅಂದಾಜು ಎಂದು ಬರೆದಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ಅಂದಾಜು ಅಂದರು, ಅಂದಾಜನ್ನೇ ಕೊಟ್ಟರು. ಅಂದಾಜಿಗೆ ಎಲೆ ಹಾಕಿದವನು ಇವನು.

ಅವನು ಆ ಪತ್ರವನ್ನು ಮತ್ತೆ ಮತ್ತೆ ಓದಿದ. ಮೂರು ವರ್ಷ ಆ ಬಾಗಿಲ ಒಳಗೆ ಯಾರಿದ್ದರು ಎಂದು ಕೊನೆಗೆ ಹೆಂಡತಿಯನ್ನು ಕೇಳಿದ. ಆಗ ಅವನಿಗೆ ಮುದುಕ ನೆನಪಾದ. ಬಂದೇ ಬರುತ್ತಿದ್ದವನು ಅವನೊಬ್ಬ. ಅವನನ್ನೇ ಮೂರು ವರ್ಷ ಹಸಿದು ಕೂರಿಸಿದೆನಲ್ಲ ಎಂದು ಎದೆ ಬಡಿದುಕೊಂಡ. ಈ ವರ್ಷ ಒಂದೇ ಎಲೆ, ಮುದುಕನದು. ಮೊದಲಿನಂತೆ ಇದ್ದದ್ದನ್ನೆಲ್ಲ ಬಡಿಸುವುದಲ್ಲ. ಮುನಿಸಿಕೊಂಡಿದ್ದರೂ ವಾಸನೆಗೆ ಎದ್ದು ಬರುವಂತೆ, ಅವನಿಗೆ ಪ್ರಾಣವಾಗಿದ್ದನ್ನೇ ಮಾಡಿ ಇಡಬೇಕು. ಅಮಾವಾಸ್ಯೆಯ ಮಧ್ಯಾಹ್ನ ಹೆಂಡತಿಗೆ ಒಲೆ ಹಚ್ಚಲು ಹೇಳಿದ.

ಅವಳು ಒಲೆ ಹಚ್ಚಿ ಕೇಳಿದಳು. “ನಾನು ಅವರ್ನ ಕಂಡೋಳಲ್ಲ. ಅವರ್ಗೆ ಏನ್ ಇಷ್ಟ ಅಂತ ನೀವೇ ಹೇಳಿ, ಅದ್ನೇ ಮಾಡನ.”

ಅವನು ಹೇಳಲು ಹೋದ. ಬಾಯಿಗೆ ಏನೂ ಬರಲಿಲ್ಲ. ಮದುವೆಮನೆಯಲ್ಲಿ ಅಡುಗೆಯವನು ಉಣ್ಣುವುದು ಎಲ್ಲರಿಗಿಂತ ಕೊನೆಗೆ. ಮುದುಕ ಇವನಿಗೆ ಮೊದಲು ಬಡಿಸಿ, ಆಮೇಲೆ ತಳದಲ್ಲಿ ಉಳಿದದ್ದನ್ನು ಕೆರೆದು ಉಣ್ಣುತ್ತಿದ್ದ. ಒಂದು ದಿನ ಪಾಯಸ ಉಳಿದಿರುತ್ತಿತ್ತು, ಒಂದು ದಿನ ಬರೀ ತಿಳಿಸಾರು. ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಿದ್ದ. ನಿನಗೇನು ಇಷ್ಟ ಎಂದು ಇವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮುದುಕನ ಜೊತೆ ಕೆಲಸ ಮಾಡಿದವರನ್ನು ಹುಡುಕಿಕೊಂಡು ಓಡಿದ. ಒಬ್ಬ ಸತ್ತಿದ್ದ. ಇನ್ನೊಬ್ಬ ಬಹಳ ಹೊತ್ತು ಯೋಚಿಸಿ, ಅವನು ಉಂಡದ್ದನ್ನು ನಾವು ನೋಡಿದ್ದೇ ಕಡಿಮೆ ಅಂದ. ಮನೆಗೆ ಬಂದಾಗ ಸಂಜೆಯಾಗಿತ್ತು. ಬೀದಿಯ ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಜನ ಹೊರಗೆ ನಿಂತು ಕಾಯುತ್ತಿದ್ದರು. ಇವನು ಒಲೆಯ ಮುಂದೆ ಕೂತ. ನೂರು ಕುಲದ ಅಡುಗೆ ಬಲ್ಲವನು ಒಬ್ಬ ಮುದುಕನ ಅಡುಗೆ ತಿಳಿಯದೆ ಕೂತೇ ಇದ್ದ. ಪಾತ್ರೆ ಇಡಲಿಲ್ಲ. ಸೌದೆ ಉರಿದು ಬೂದಿಯಾಯಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮುಂದಿನ ವರ್ಷವಾದರೂ ಅವನಿಗೆ ತಿಳಿಯಿತೇ ಎಂದು ಮರಿಬಸವ ಮೆಲ್ಲಗೆ ಕೇಳಿದ. ತಿಳಿಸುವವರು ಯಾರೂ ಉಳಿದಿರಲಿಲ್ಲ, ಎಷ್ಟು ವರ್ಷ ಕಳೆದರೂ ಅಷ್ಟೇ ಎಂದು ಗುರುಗಳು ಹೇಳಿದರು. ಮರಿಬಸವ, ಹಾಗಾದರೆ ಈ ಎರಡು ಹಾಳೆಗಳನ್ನು ಏನು ಮಾಡಲಿ ಎಂದು ಮತ್ತೆ ಕೈ ಚಾಚಿದ.

ಗುರುಗಳು ಆಗಲೂ ಹಾಳೆಗಳ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡಿ ಕೇಳಿದರು.

“ಕೆಂಪವ್ವನಿಗೆ ಏನು ಇಷ್ಟವಿತ್ತು, ಮರಿಬಸವ?”

ಮರಿಬಸವ ಹಾಳೆಗಳನ್ನು ಮಡಚಿಟ್ಟು, ಆಸ್ಪತ್ರೆಯಲ್ಲಿ ಅವಳ ಜೊತೆ ಕಸ ಗುಡಿಸುತ್ತಿದ್ದವರನ್ನು ನೆನಪು ಮಾಡಿಕೊಳ್ಳತೊಡಗಿದ.